ಮುಯ್ಯಾಳು ಬೇಕಾಗಿದ್ದಾರೆ

ಶಿಕಾಗೊ ಮತ್ತು ಡೆಟ್ರಾಯಿಟ್ ಸುತ್ತಿನ ಕನ್ನಡ ಕೂಟಗಳಲ್ಲಿ ಓಡಾಡಿಕೊಂಡಿರುವ, ಇನ್ನೂ ಮಂಡಿ ನೋಯದ ಎಲ್ಲರಿಗೂ,

ಶಿಕಾಗೊ ಪಕ್ಕದ ಇಟಾಸ್ಕಾದಿಂದ ಬರೆಯುತ್ತಿದ್ದೇನೆ.

ನೀವೆಲ್ಲ ನನ್ನನ್ನು ಆಂಟಿ ಅನ್ನುತ್ತೀರಿ. ಯುಗಾದಿಯ ಊಟದ ಸಾಲಿನಲ್ಲಿ ಕಂಡರೆ ಮುಂದೆ ಬಿಡುತ್ತೀರಿ, ತಟ್ಟೆ ಹಿಡಿದುಕೊಳ್ಳುತ್ತೀರಿ, ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಲೇ ಎಂದು ಕೇಳುತ್ತೀರಿ. ಹಿರಿಯರ ಸನ್ಮಾನ ಎಂದು ವೇದಿಕೆಗೆ ಕರೆದು ಶಾಲು ಹೊದಿಸಿದ್ದೀರಿ. ನನ್ನ ಬೀರುವಿನಲ್ಲಿ ಅಂಥವು ಮೂರು ಸೇರಿವೆ; ಇಲ್ಲಿನ ಜನವರಿಗೆ ಅವು ಯಾತಕ್ಕೂ ಸಾಲವು ಅನ್ನುವುದು ಬೇರೆ ಮಾತು. ನಿಮ್ಮ ಪ್ರೀತಿಯಲ್ಲಿ ನನಗೆ ಅನುಮಾನವಿಲ್ಲ. ಆ ಪ್ರೀತಿ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲಿರುತ್ತದೆ ಎಂದು ಕೇಳಲಿಕ್ಕೆ ಈ ಕಾಗದ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದಿನ ಮಾತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದೊಡ್ಡ ಕಾಯಿಲೆಯೇನಲ್ಲ, ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬರುವಷ್ಟು ಸಣ್ಣ ಶಸ್ತ್ರಚಿಕಿತ್ಸೆ. ಆದರೆ ಅದಕ್ಕೊಂದು ನಿಯಮ ಉಂಟು. ಮಂಪರು ಬರುವ ಔಷಧಿ ಕೊಟ್ಟಿರುತ್ತಾರಾದ್ದರಿಂದ ಜವಾಬ್ದಾರಿ ಹೊರುವ ಒಬ್ಬ ವಯಸ್ಕರು ಜೊತೆಗೆ ಬಂದು ಕರೆದುಕೊಂಡು ಹೋಗಬೇಕು. ಟ್ಯಾಕ್ಸಿಯವನು ಆಗುವುದಿಲ್ಲ, ಊಬರ್ ಆಗುವುದಿಲ್ಲ. ಫೋನಿನಲ್ಲಿ ಆ ಹುಡುಗಿ ಬಹಳ ಮರ್ಯಾದೆಯಿಂದ ಕೇಳಿದಳು: ‘ನಿಮ್ಮ ಜೊತೆ ಬರುವವರ ಹೆಸರು?’ ನಾನು ಸುಮ್ಮನಾದೆ. ನಮ್ಮವರು ಹೋಗಿ ಆಗ ಎರಡು ವರ್ಷ ಕಳೆದಿತ್ತು. ಮಗಳು ಡಲ್ಲಾಸ್‌ನಲ್ಲಿ, ಮಗ ಸಿಯಾಟಲ್‌ನಲ್ಲಿ. ನನ್ನ ಫೋನಿನಲ್ಲಿ ಇನ್ನೂರಕ್ಕೂ ಹೆಚ್ಚು ಕನ್ನಡಿಗರ ನಂಬರುಗಳಿದ್ದವು. ಅದರಲ್ಲಿ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಾ ಎಂದು ಕೇಳಬಹುದಾದ ಒಂದು ಹೆಸರೂ ನನಗೆ ಹೊಳೆಯಲಿಲ್ಲ. ಶಸ್ತ್ರಚಿಕಿತ್ಸೆ ಮುಂದೂಡಿದೆ. ಮಗಳಿಗೆ ಸುಳ್ಳು ಹೇಳಿದೆ, ಡಾಕ್ಟರೇ ದಿನ ಬದಲಾಯಿಸಿದರು ಅಂತ.

ಆಮೇಲೆ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮನೆ ಕಳೆದುಕೊಳ್ಳುವುದು ಒಂದೇ ದಿನ ಆಗುವ ಕೆಲಸವಲ್ಲ. ಮೊದಲು ಸಂಜೆಯ ಡ್ರೈವಿಂಗ್ ನಿಂತಿತು. ಎದುರಿನ ಗಾಡಿಯ ಬೆಳಕು ಕಣ್ಣಿನಲ್ಲಿ ರಂಗೋಲಿಯಂತೆ ಒಡೆದುಹೋಗುತ್ತಿತ್ತು. ಸಂಜೆ ಹೋಗದಿದ್ದ ಮೇಲೆ ಲೈಬ್ರರಿಯ ಓದಿನ ಗುಂಪು ತಪ್ಪಿತು, ಭಜನೆ ತಪ್ಪಿತು. ಅಂಗಡಿಗೆ ಹತ್ತು ದಿನಕ್ಕೊಮ್ಮೆ ಹೋಗತೊಡಗಿದೆ, ಸೊಪ್ಪು ತರಕಾರಿ ಕಡಿಮೆಯಾಗಿ ಅನ್ನ ಉಪ್ಪಿನಕಾಯಿ ಹೆಚ್ಚಾಯಿತು. ಒಂದು ದಿನ ಟಪಾಲು ತರಲು ಹೋದಾಗ ಡ್ರೈವ್‌ವೇಯ ಅಂಚಿನಲ್ಲಿ ಗಟ್ಟಿಯಾಗಿದ್ದ ಮಂಜು ಕಾಣಲಿಲ್ಲ. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ಈ ದೇಶದಲ್ಲಿ 65 ದಾಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ವರ್ಷಕ್ಕೊಮ್ಮೆಯಾದರೂ ಬೀಳುತ್ತಾರಂತೆ. ಆ ಲೆಕ್ಕದಲ್ಲಿ ನಾನೂ ಸೇರಿದೆ. ಮಗಳು ವಿಡಿಯೋದಲ್ಲಿ ನನ್ನ ಮೊಣಕೈಯ ಕಪ್ಪು ನೋಡಿದಳು. ‘ಅಮ್ಮ, ಸಾಕು. ಮನೆ ಮಾರಿಬಿಡು, ಇಲ್ಲಿಗೆ ಬಂದುಬಿಡು’ ಎಂದಳು. ಅವಳ ತಪ್ಪಲ್ಲ. ಆದರೆ ನೋಡಿ, ಮೂರು ಗಂಟೆ ಜೊತೆಗೆ ಕೂರುವ ಒಬ್ಬ ಮನುಷ್ಯ ಸಿಗದೆ ಹೋದದ್ದಕ್ಕೆ, 31 ವರ್ಷ ಬದುಕಿದ ಮನೆ ಮಾರುವ ಹಂತಕ್ಕೆ ಬಂದಿದ್ದೆ.

ಮನೆ ಉಳಿಸಿದವರು ಕನ್ನಡದವರಲ್ಲ. ಪಕ್ಕದ ಮನೆಯ ಪೋಲಿಷ್ ಹೆಂಗಸು ತನ್ನ ಚರ್ಚಿನವರ ಒಂದು ಗುಂಪಿಗೆ ಫೋನ್ ಮಾಡಿದಳು. ನಿವೃತ್ತ ಅಂಚೆಯವನೊಬ್ಬ ಬೆಳಿಗ್ಗೆ ಏಳಕ್ಕೆ ಬಂದ. ಆಸ್ಪತ್ರೆಯಲ್ಲಿ ಪದಬಂಧದ ಪುಸ್ತಕ ಇಟ್ಟುಕೊಂಡು ಮೂರು ಗಂಟೆ ಕೂತ. ಮನೆಗೆ ಕರೆತಂದು, ಕಣ್ಣಿಗೆ ಹಾಕುವ ಹನಿಯ ಮೂರು ಬಾಟಲಿಗಳ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು, ಎರಡು, ಮೂರು ಎಂದು ಬರೆದಿಟ್ಟ. ಇನ್ನೊಂದು ಕಣ್ಣಿಗೂ ಅವನೇ ಬಂದ. ನಾನು ದುಡ್ಡು ಕೊಡಲು ಹೋದಾಗ ತೆಗೆದುಕೊಳ್ಳಲಿಲ್ಲ. ಅವನ ಹೆಂಡತಿಗೆ ಡಯಾಲಿಸಿಸ್ ಇದ್ದಾಗ ವಾರಕ್ಕೆ ಮೂರು ದಿನ ಯಾರು ಯಾರೋ ಕರೆದುಕೊಂಡು ಹೋಗಿದ್ದರಂತೆ. ‘ಅದನ್ನು ಈಗ ತೀರಿಸುತ್ತಿದ್ದೇನೆ, ಅಷ್ಟೇ’ ಎಂದ.

ಆ ಮಾತು ಕೇಳಿದಾಗ ನನಗೆ ನಮ್ಮ ಊರಿನ ಗದ್ದೆ ನೆನಪಾಯಿತು.

ನಾನು ತೀರ್ಥಹಳ್ಳಿ ಕಡೆಯವಳು. ಚಿಕ್ಕಂದಿನಲ್ಲಿ ನಟ್ಟಿಯ ಹೊತ್ತಿಗೆ ನಮ್ಮ ಗದ್ದೆಗೆ ಮುಯ್ಯಾಳುಗಳು ಬರುತ್ತಿದ್ದರು. ಇವತ್ತು ನಿಮ್ಮ ಮನೆಯಿಂದ ಮೂವರು ನಮ್ಮ ಗದ್ದೆಗೆ ಇಳಿದರೆ, ನಾಡಿದ್ದು ನಮ್ಮ ಮನೆಯಿಂದ ಮೂವರು ನಿಮ್ಮ ಗದ್ದೆಗೆ. ಕೂಲಿಯಿಲ್ಲ, ಊಟ ಉಂಟು. ಲೆಕ್ಕವನ್ನು ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ. ಮಳೆ ಹಿಡಿದ ಮೇಲೆ ಸಸಿ ಕಾಯುವುದಿಲ್ಲವಲ್ಲ, ಒಂದು ಮನೆಯವರಷ್ಟೇ ಸೇರಿ ಅಷ್ಟು ಗದ್ದೆ ನೆಟ್ಟು ಮುಗಿಸಲು ಆಗುತ್ತಲೇ ಇರಲಿಲ್ಲ. ಕೆಳಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು, ಗಂಡ ಇಲ್ಲ, ಗದ್ದೆಗೆ ಇಳಿಯುವ ಶಕ್ತಿ ಇಲ್ಲ. ಅವಳ ಗದ್ದೆಯೂ ಸಕಾಲಕ್ಕೆ ನಟ್ಟಿಯಾಗುತ್ತಿತ್ತು. ಅವಳು ಮುಯ್ಯಿ ತೀರಿಸುತ್ತಿದ್ದುದು ಊರಿನ ಬಾಣಂತಿಯರಿಗೆ ಎಣ್ಣೆ ನೀರು ಹಾಕಿ, ಕೂಸುಗಳನ್ನು ಕಾಲ ಮೇಲೆ ಮಲಗಿಸಿ ಮೀಯಿಸಿ. ಆ ಅಜ್ಜಿಗೆ ಯಾರೂ ಶಾಲು ಹೊದಿಸಲಿಲ್ಲ. ಪಾಪ ಅನ್ನಲೂ ಇಲ್ಲ.

ನಾವು ಇಲ್ಲಿ ‘ಸೇವೆ’ ಅನ್ನುವ ಪದವನ್ನು ಬಹಳ ಬಳಸುತ್ತೇವೆ. ಸೇವೆ ಮಾಡುವವರಿಗೆ ಪುಣ್ಯ, ಮಾಡಿಸಿಕೊಳ್ಳುವವರಿಗೆ ಮುಜುಗರ. ನಾನು ಮೊದಲ ಸಲ ಶಸ್ತ್ರಚಿಕಿತ್ಸೆ ಮುಂದೂಡಿದ್ದು ಆ ಮುಜುಗರಕ್ಕೇ. ಅಂಚೆಯವನ ಗಾಡಿ ಹತ್ತಲು ನನಗೆ ನಾಚಿಕೆಯಾಗಲಿಲ್ಲ, ಏಕೆಂದರೆ ಅವನು ಪುಣ್ಯ ಸಂಪಾದಿಸಲು ಬಂದಿರಲಿಲ್ಲ, ಸಾಲ ತೀರಿಸಲು ಬಂದಿದ್ದ.

ಈಗ ಸ್ವಲ್ಪ ಲೋಕದ ವಿಷಯ. ನಾನು ಇಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ 28 ವರ್ಷ ಕೆಲಸ ಮಾಡಿದವಳು, ಲೆಕ್ಕ ಪಟ್ಟಿ ನೋಡದೆ ನನಗೆ ಸಮಾಧಾನವಿಲ್ಲ. ವಯಸ್ಸಾದವರ ಸ್ವಾವಲಂಬನೆಯನ್ನು ಅಳೆಯಲು ವೈದ್ಯರು ಎರಡು ಪಟ್ಟಿ ಇಟ್ಟುಕೊಂಡಿದ್ದಾರೆ. ಒಂದು ಕ್ಲೀವ್‌ಲ್ಯಾಂಡಿನ ಸಿಡ್ನಿ ಕಾಟ್ಜ್ ಮತ್ತವರ ಸಂಗಡಿಗರು 1963ರಲ್ಲಿ ಮಾಡಿದ್ದು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಉಣ್ಣುವುದು. ಇನ್ನೊಂದು ಫಿಲಡೆಲ್ಫಿಯಾದ ಪೊವೆಲ್ ಲಾಟನ್ ಮತ್ತು ಎಲೇನ್ ಬ್ರೋಡಿ 1969ರಲ್ಲಿ ಮಾಡಿದ್ದು: ಫೋನ್ ಬಳಸುವುದು, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಔಷಧಿ, ಹಣಕಾಸು. ಸಾಮಾನ್ಯವಾಗಿ ಮೊದಲು ಕೈಬಿಡುವುದು ಈ ಎರಡನೆಯ ಪಟ್ಟಿ. ಮಿಂದು ಉಟ್ಟು ಉಂಡುಕೊಂಡು ಇರಬಲ್ಲವರು ಗಾಡಿ ಓಡಿಸಲಾರರು, ಔಷಧಿ ಅಂಗಡಿಯ ಮೆಷಿನ್ ಫೋನಿನ ಜೊತೆ ಗುದ್ದಾಡಲಾರರು. ಎಷ್ಟೋ ಜನ ಮನೆ ಬಿಡುವುದು ಈ ಪಟ್ಟಿಯ ಎರಡು ಮೂರು ಕೆಲಸಕ್ಕೆ ಆಳಿಲ್ಲದೆ. ಮತ್ತು ಈ ಎರಡನೆಯ ಪಟ್ಟಿಯಲ್ಲಿ ನೆರೆಮನೆಯವರು ಮಾಡಲಾರದ ಕೆಲಸ ಒಂದೂ ಇಲ್ಲ. (ಹಣಕಾಸನ್ನು ಮಾತ್ರ ನಾನು ಹೊರಗಿಡುತ್ತೇನೆ, ಯಾಕೆಂದು ಆಮೇಲೆ ಹೇಳುತ್ತೇನೆ.)

ಮೊದಲ ಪಟ್ಟಿ ನಿಮ್ಮದಲ್ಲ. ಅದನ್ನು ಬಿಡಿಸಿ ಹೇಳುವುದು ಒಳ್ಳೆಯದು. ಹಾಸಿಗೆ ಹಿಡಿದವರ ಸೊಂಟಕ್ಕೆ ಕೈಕೊಟ್ಟು ಎತ್ತಲು ಹೋಗಿ ಅವರನ್ನೂ ಬೀಳಿಸಿ ನಿಮ್ಮ ಬೆನ್ನನ್ನೂ ಮುರಿದುಕೊಳ್ಳಬೇಡಿ. ಅದಕ್ಕೆ ತರಬೇತಾದವರು, ಸಂಬಳದವರು ಬೇಕು. ಇಲಿನಾಯ್ ರಾಜ್ಯದಲ್ಲಿ 60 ತುಂಬಿದ, ಆಸ್ತಿ ಕಡಿಮೆಯಿರುವವರಿಗೆ ಮನೆಗೇ ಸಹಾಯಕರನ್ನು ಕಳಿಸುವ ಕಮ್ಯುನಿಟಿ ಕೇರ್ ಯೋಜನೆ ಇದೆ. ನಮ್ಮ ಡ್ಯೂಪೇಜ್ ಕೌಂಟಿಯ ಹಿರಿಯರ ವಿಭಾಗಕ್ಕೆ ಫೋನ್ ಮಾಡಿದರೆ ಮನೆಗೆ ಬಂದು ನೋಡಿ ಹೇಳುತ್ತಾರೆ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆ? ಮೆಡಿಕೇರ್ ಎಲ್ಲ ನೋಡಿಕೊಳ್ಳುತ್ತದೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ದಿನನಿತ್ಯದ ಆರೈಕೆಯಷ್ಟೇ ಬೇಕಾದವರಿಗೆ ಮೆಡಿಕೇರ್ ಕಾಸು ಬಿಚ್ಚುವುದಿಲ್ಲ. ಸ್ವಂತ ದುಡ್ಡಿನಿಂದ ಆಳು ಇಟ್ಟುಕೊಂಡರೆ 2024ರ ಒಂದು ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಗಂಟೆಗೆ ಸುಮಾರು 33 ಡಾಲರ್ ಬೀಳುತ್ತಿತ್ತು. ಅಸಿಸ್ಟೆಡ್ ಲಿವಿಂಗ್‌ಗೆ ಸೇರಿದರೆ ಅದೇ ಸಮೀಕ್ಷೆಯ ಪ್ರಕಾರ ವರ್ಷಕ್ಕೆ ಸುಮಾರು 70,800 ಡಾಲರ್ ಆಗುತ್ತಿತ್ತು. ಅಲ್ಲಿ ಅನ್ನ ಸಾರು ಸಿಗುತ್ತದೆ ಎಂಬ ಭರವಸೆಯೂ ಇಲ್ಲ.

ಪಕ್ಕದ ಮನೆಯವಳ ಚರ್ಚಿನ ಗುಂಪು ಆಕಾಶದಿಂದ ಉದುರಿದ್ದಲ್ಲ. ಇಂಥ ಗುಂಪುಗಳಿಗೆ ಈ ದೇಶದಲ್ಲಿ ಒಂದು ಚರಿತ್ರೆಯಿದೆ. ರಾಬರ್ಟ್ ವುಡ್ ಜಾನ್ಸನ್ ಪ್ರತಿಷ್ಠಾನ 1983ರಲ್ಲಿ 25 ಕಡೆ ಚರ್ಚು, ಸಿನಗಾಗ್ ಮುಂತಾದವುಗಳನ್ನು ಒಟ್ಟುಗೂಡಿಸಿ, ಹಿರಿಯರ ಮನೆಗಳಿಗೆ ಸ್ವಯಂಸೇವಕರನ್ನು ಕಳಿಸುವ ಪ್ರಯೋಗಕ್ಕೆ ಹಣ ಕೊಟ್ಟಿತು. ಹಣ ನಿಂತ ಮೇಲೂ ಅವುಗಳಲ್ಲಿ ಬಹುಪಾಲು ನಡೆದುಕೊಂಡು ಹೋದವು. ಅದನ್ನು ನೋಡಿ 1993ರಿಂದ ‘ಫೇತ್ ಇನ್ ಆ್ಯಕ್ಷನ್’ ಎಂಬ ಹೆಸರಿನಲ್ಲಿ ಊರೂರಿಗೆ ಆರಂಭದ ದುಡ್ಡು ಕೊಡತೊಡಗಿದರು. ಅದರಿಂದ ನಾನು ಕಲಿತ ಒಂದೇ ಪಾಠವೆಂದರೆ, ಆ ದುಡ್ಡು ಹೆಚ್ಚಾಗಿ ಹೋದದ್ದು ಫೋನ್ ಎತ್ತುವ ಒಬ್ಬ ವ್ಯಕ್ತಿಯ ಸಂಬಳಕ್ಕೆ. ಸ್ವಯಂಸೇವಕರು ಬಿಟ್ಟಿ, ಅವರನ್ನು ಹೊಂದಿಸುವ ಕೆಲಸ ಬಿಟ್ಟಿಯಲ್ಲ. ಒಳ್ಳೆಯ ಮನಸ್ಸಿನ ಐವತ್ತು ಜನರನ್ನು ಒಂದು ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ‘ಯಾರಾದರೂ ಆಂಟಿಗೆ ಸಹಾಯ ಮಾಡಿ ಪ್ಲೀಸ್’ ಎಂದು ಒಬ್ಬರು ಹಾಕುತ್ತಾರೆ, ನಲವತ್ತು ಜನ ಕೈಮುಗಿಯುವ ಚಿತ್ರ ಹಾಕುತ್ತಾರೆ, ಆಂಟಿ ಮನೆಯಲ್ಲೇ ಕೂತಿರುತ್ತಾಳೆ.

ಕೇರಳದ ಕೋಳಿಕ್ಕೋಡಿನವರು ಇದನ್ನು ನಮಗಿಂತ ಚೆನ್ನಾಗಿ ಅರ್ಥಮಾಡಿಕೊಂಡರು. ಅಲ್ಲಿ 1993ರಲ್ಲಿ ಶುರುವಾದ ನೋವುಶಮನ ಆರೈಕೆ ಕ್ರಮೇಣ ನೆರೆಹೊರೆಯ ಜಾಲವಾಗಿ ಹರಡಿತು. ಆಟೋ ಓಡಿಸುವವರು, ವಿದ್ಯಾರ್ಥಿಗಳು, ಗೃಹಿಣಿಯರು ವಾರಕ್ಕೆ ಎರಡು ಗಂಟೆ ಕೊಡುತ್ತೇವೆಂದು ಒಪ್ಪಿ, ತರಬೇತಿ ಪಡೆದು, ತಮ್ಮ ಬೀದಿಯ ಕಾಯಿಲೆಯವರ ಮನೆಗೆ ಹೋಗುತ್ತಾರೆ. ಎರಡೇ ಗಂಟೆ. ನಮ್ಮ ಮಂಗಳೂರಿನಿಂದ ರೈಲಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ ಆ ಊರು.

ಇನ್ನು ನಮ್ಮ ಶಿಕಾಗೊದ್ದೇ ಒಂದು ಕಥೆ. ನಿಮ್ಮಲ್ಲಿ ಬಹಳ ಮಂದಿ ಆಗ ಇಲ್ಲಿರಲಿಲ್ಲ, ಕೆಲವರು ಹೈಸ್ಕೂಲಿನಲ್ಲಿದ್ದಿರಿ. 1995ರ ಜುಲೈ. ನಾವು ಈ ಮನೆಗೆ ಬಂದು ಎರಡು ವರ್ಷ. 13ನೇ ತಾರೀಕು ಮಿಡ್‌ವೇ ವಿಮಾನ ನಿಲ್ದಾಣದಲ್ಲಿ 106 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 41 ಸೆಲ್ಸಿಯಸ್. ರಾಯಚೂರು ಕಲಬುರಗಿಯವರು ನಗಬಹುದು. ಆದರೆ ರಾತ್ರಿಯೂ ತಂಪಾಗದ ಇಟ್ಟಿಗೆ ಕಟ್ಟಡಗಳಲ್ಲಿ, ಕಳ್ಳರಿಗೆ ಹೆದರಿ ಕಿಟಕಿ ಮುಚ್ಚಿಕೊಂಡು ಕೂತ ಮುದುಕರು ಸತ್ತರು. ಆ ವಾರದ ಹೆಚ್ಚುವರಿ ಸಾವುಗಳ ಲೆಕ್ಕ 739. ಶವಾಗಾರದಲ್ಲಿ ಜಾಗ ಸಾಲದೆ ಶೀತಲ ಲಾರಿಗಳನ್ನು ತಂದು ನಿಲ್ಲಿಸಿದ್ದನ್ನು ನಾವು ಟಿವಿಯಲ್ಲಿ ನೋಡಿದೆವು, ಏಸಿ ಹಾಕಿಕೊಂಡು. ಆಮೇಲೆ ಎರಿಕ್ ಕ್ಲೈನನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದ. ಪಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿದ: ನಾರ್ತ್ ಲಾನ್‌ಡೇಲ್, ಸೌತ್ ಲಾನ್‌ಡೇಲ್. ಎರಡರಲ್ಲೂ ಬಡ ಮುದುಕರು, ಒಂಟಿಯಾಗಿರುವವರು ಹೆಚ್ಚುಕಡಿಮೆ ಅಷ್ಟೇ. ಆದರೆ ಉತ್ತರದಲ್ಲಿ ಲಕ್ಷಕ್ಕೆ 40 ಜನ ಸತ್ತರೆ ದಕ್ಷಿಣದಲ್ಲಿ ಲಕ್ಷಕ್ಕೆ 4. ದಕ್ಷಿಣದ್ದು ಮೆಕ್ಸಿಕೋದವರ ಪೇಟೆ. ಬೀದಿ ತುಂಬ ಅಂಗಡಿ, ಜನ, ಗಲಾಟೆ. ಮುದುಕಿಯೊಬ್ಬಳು ಬ್ರೆಡ್ ತರಲು ಹೊರಗೆ ಬರುತ್ತಾಳೆ, ಬರದಿದ್ದರೆ ಯಾಕೆ ಬರಲಿಲ್ಲ ಎಂದು ಯಾರಾದರೂ ಕೇಳುತ್ತಾರೆ. ಉತ್ತರದ್ದು ಕಾರ್ಖಾನೆ ಮುಚ್ಚಿ, ಅಂಗಡಿ ಮುಚ್ಚಿ, ಖಾಲಿಬಿದ್ದ ಬೀದಿ.

ನಮ್ಮ ಇಟಾಸ್ಕಾ ಬಡ ಊರಲ್ಲ. ಅಷರ್ ಪಾರ್ಕಿನ ಮಂಟಪ, ಸ್ಪ್ರಿಂಗ್ ಬ್ರೂಕ್ ತೊರೆ, ಶಿಕಾಗೊಗೆ ಹೋಗುವ ಮೆಟ್ರಾ ರೈಲು, ಜುಲೈ ನಾಲ್ಕರ ಸಿಡಿಮದ್ದು, ಎಲ್ಲ ಚೆಂದವೇ. ಆದರೆ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಬೀದಿಯಲ್ಲಿ ನಿಂತು ನೋಡಿ. ಓಹೇರ್‌ಗೆ ಇಳಿಯುವ ವಿಮಾನಗಳ ಸದ್ದು ಬಿಟ್ಟರೆ ಒಂದು ನರಪಿಳ್ಳೆಯಿಲ್ಲ. ಗರಾಜಿನ ಬಾಗಿಲು ಏಳುತ್ತದೆ, ಗಾಡಿ ಒಳಗೆ ಹೋಗುತ್ತದೆ, ಬಾಗಿಲು ಇಳಿಯುತ್ತದೆ. ನಾನು ಒಳಗೆ ಇದ್ದೇನೋ ಇಲ್ಲವೋ ಯಾರಿಗೆ ತಿಳಿಯಬೇಕು?

ಈ ಒಂಟಿತನದ ಬಗ್ಗೆ 2023ರ ಮೇ ತಿಂಗಳಲ್ಲಿ ದೇಶಕ್ಕೇ ಎಚ್ಚರಿಕೆ ಹೊರಡಿಸಿದವರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮನೆತನದ ವಿವೇಕ್ ಮೂರ್ತಿ, ಆಗಿನ ಸರ್ಜನ್ ಜನರಲ್. ಜನರ ಒಡನಾಟವಿಲ್ಲದಿರುವುದರಿಂದ ಸಾವಿನ ಅಪಾಯ ದಿನಕ್ಕೆ 15 ಸಿಗರೇಟು ಸೇದುವಷ್ಟು ಏರಬಹುದು ಎಂದರು. ಅವರು ಆ ಹುದ್ದೆಗೆ ಬಂದಾಗ ನಾವೆಲ್ಲ ಕನ್ನಡಿಗ ಕನ್ನಡಿಗ ಎಂದು ಸಂಭ್ರಮಿಸಿದೆವು. ಅವರು ಹೇಳಿದ್ದನ್ನು ಮಾತ್ರ ಇಂಗ್ಲಿಷಿನಲ್ಲೇ ಬಿಟ್ಟೆವು.

ಚರ್ಚಿನವರೇ ಒಳ್ಳೆಯ ಕೆಲಸ ಮಾಡುತ್ತಿರುವಾಗ ಕನ್ನಡದವರದ್ದು ಬೇರೆ ಗುಂಪು ಯಾಕೆ ಎಂದು ನೀವು ಕೇಳಬಹುದು. ಗಾಡಿಗೆ ಭಾಷೆಯಿಲ್ಲ, ನಿಜ. ನನಗಂತೂ ಆ ಅಂಚೆಯವನೇ ಸಾಕು, ನಾವಿಬ್ಬರೂ ಈಗ ಬೇಸ್‌ಬಾಲ್ ಮಾತಾಡುತ್ತೇವೆ. ಆದರೆ ನಾನು ಇಲ್ಲಿಗೆ 24ನೇ ವಯಸ್ಸಿಗೆ, 1974ರಲ್ಲಿ ಬಂದವಳು. ನಿಮ್ಮ ಅಪ್ಪ ಅಮ್ಮ ಹಾಗಲ್ಲ. ಅವರನ್ನು ನೀವು ಎಪ್ಪತ್ತು ದಾಟಿದ ಮೇಲೆ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡಿದ್ದೀರಿ. ಶಾಂಬರ್ಗಿನಲ್ಲೋ ನೇಪರ್‌ವಿಲ್ಲಿನಲ್ಲೋ ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಇಬ್ಬರೇ, ಅಥವಾ ಒಬ್ಬರೇ. ಗಾಡಿ ಓಡಿಸಲು ಬಾರದು. ಇಲ್ಲಿ ದುಡಿದಿಲ್ಲವಾದ್ದರಿಂದ ಐದು ವರ್ಷ ಕಳೆಯುವವರೆಗೆ ದುಡ್ಡು ಕಟ್ಟುತ್ತೇವೆಂದರೂ ಮೆಡಿಕೇರ್ ಸಿಗದು. ಅವರ ಸ್ವಾವಲಂಬನೆ ವಿಮಾನ ಹತ್ತುವಾಗಲೇ ಅರ್ಧ ಹೋಗಿರುತ್ತದೆ. ದಾವಣಗೆರೆಯಲ್ಲಿ ಒಬ್ಬರೇ ಸಂತೆಗೆ ಹೋಗಿ ಚೌಕಾಸಿ ಮಾಡುತ್ತಿದ್ದ ಹೆಂಗಸು ಇಲ್ಲಿ ಬಾಗಿಲ ಬೆಲ್ ಆದರೆ ಒಳಗೆ ಹೋಗಿ ಕೂರುತ್ತಾರೆ. ಅವರಿಗೆ ಬೇಕಾದದ್ದು ಆಸ್ಪತ್ರೆಗಿಂತ ಹೆಚ್ಚಾಗಿ, ಹಗಲು ಹೊತ್ತಿನಲ್ಲಿ ಕನ್ನಡದಲ್ಲಿ ಜಗಳವಾಡಲು ಒಬ್ಬರು.

ಮರೆವಿನ ಕಾಯಿಲೆಯಲ್ಲಿ ದೊಡ್ಡವರಾದ ಮೇಲೆ ಕಲಿತ ಭಾಷೆ ಮೊದಲು ಜಾರುವುದುಂಟು. ಹಾಸನದ ಕಡೆಯ ಒಬ್ಬರು, 40 ವರ್ಷ ಇಲ್ಲಿ ಇಂಜಿನಿಯರ್ ಆಗಿದ್ದವರು, ಕೊನೆಯ ವರ್ಷ ಇಂಗ್ಲಿಷನ್ನು ಪೂರ್ತಿ ಮರೆತಿದ್ದರು. ಆರೈಕೆಗೆ ಬಂದವಳು ‘ಇವತ್ತೆಲ್ಲ ಬಡಬಡಿಸುತ್ತಿದ್ದಾರೆ’ ಎಂದು ಬರೆದಿಟ್ಟಿದ್ದಳು. ನಾನು ಹೋಗಿ ಕೂತೆ. ಅವರು ಬಡಬಡಿಸುತ್ತಿರಲಿಲ್ಲ. ‘ಕಿಟಕಿ ತೆಗಿ, ಸೆಖೆ’ ಅನ್ನುತ್ತಿದ್ದರು. ಕಿಟಕಿ ತೆಗೆದೆ, ಮಲಗಿದರು.

ಈ ಕೆಲಸವನ್ನು ನಮ್ಮ ಪರವಾಗಿ ಯಾವ ಚರ್ಚೂ ಮಾಡಲಾರದು.

ನನ್ನ ವಯಸ್ಸಿನವರೂ ಇದನ್ನು ಓದುತ್ತಿದ್ದೀರೆಂದು ಗೊತ್ತು. ನಿಮಗೂ ಎರಡು ಮಾತು ಇವರ ಎದುರೇ ಹೇಳಿಬಿಡುತ್ತೇನೆ. ‘ಮಕ್ಕಳಿಗೆ ತೊಂದರೆ ಕೊಡಬಾರದು’ ಎಂದು ಜಪ ಮಾಡುತ್ತೇವಲ್ಲ, ಅದರಲ್ಲಿ ಅರ್ಧ ಪ್ರೀತಿ, ಅರ್ಧ ಬಿಗುಮಾನ. ಯಾರನ್ನೂ ಏನೂ ಕೇಳದೆ ಬದುಕುವುದು ಸ್ವಾತಂತ್ರ್ಯ ಎಂದು ನಾವು ಈ ದೇಶದಲ್ಲಿ ಕಲಿತೆವು. ಕೆಳಮನೆಯ ಅಜ್ಜಿ ಹಾಗೆ ಎಣಿಸಿದ್ದರೆ ಅವಳ ಗದ್ದೆ ಬೀಳುಬಿದ್ದಿರುತ್ತಿತ್ತು. ಕೇಳಿ. ಕೇಳುವಾಗ ಹೊತ್ತು, ಜಾಗ, ಕೆಲಸ ಇಷ್ಟನ್ನೂ ಸರಿಯಾಗಿ ಹೇಳಿ. ‘ಬಿಡುವಾದಾಗ ಬಾಮ್ಮ’ ಅಂದರೆ ಯಾರೂ ಬರುವುದಿಲ್ಲ, ಯಾರಿಗೂ ಬಿಡುವು ಆಗುವುದೂ ಇಲ್ಲ. ಬಂದವರನ್ನು ಮೂರು ಗಂಟೆ ಕೂರಿಸಿಕೊಂಡು ಉಪ್ಪಿಟ್ಟು, ಕೇಸರಿಬಾತು, ಕಾಫಿ, ಸೊಸೆಯ ಪುರಾಣ ಎಲ್ಲ ಕೊಟ್ಟರೆ ಎರಡನೆಯ ಸಲ ಬರುವುದಿಲ್ಲ. ಇದು ನನ್ನ ಸ್ವಂತ ಅನುಭವ.

ಮುಯ್ಯಿ ತೀರಿಸಲು ನಮ್ಮಲ್ಲಿ ಏನಿದೆ? ಹಗಲು ಹೊತ್ತಿದೆ. ಹಾಲುಗಲ್ಲದ ಕೂಸನ್ನು ಎರಡು ಗಂಟೆ ನೋಡಿಕೊಂಡು ಅದರ ಅಮ್ಮನಿಗೆ ನಿದ್ದೆ ಮಾಡಲು ಬಿಡಬಹುದು. ಮಕ್ಕಳಿಗೆ ಒತ್ತಕ್ಷರ ತಿದ್ದಬಹುದು. ತೆರಿಗೆಯ ಕಾಗದ ತಿಳಿದವರು ಆ ಕೆಲಸ ಮಾಡಿಕೊಡಬಹುದು. ಎಡ್ಗರ್ ಕಾನ್ ಎಂಬ ವಕೀಲ 1980ರಲ್ಲಿ ಹೃದಯಾಘಾತವಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಏನೂ ಕೊಡಲಾಗದೆ ಬರೀ ಪಡೆಯುವ ಸ್ಥಿತಿ ಎಷ್ಟು ಹಿಂಸೆ ಎಂದು ಕಂಡು, ಗಂಟೆಗಳನ್ನೇ ನಾಣ್ಯ ಮಾಡಿಕೊಳ್ಳುವ ಯೋಚನೆ ಹುಟ್ಟಿಸಿದ. ಜಪಾನಿನಲ್ಲಿ ‘ಫುರೆಯಾಯಿ ಕಿಪ್ಪು’ ಎಂಬ ಪದ್ಧತಿಯಿದೆ: ದೂರದ ಊರಿನಲ್ಲಿರುವ ಮಗ ಅಲ್ಲಿನ ಹಿರಿಯರಿಗೆ ಸಹಾಯ ಮಾಡಿ ಕೂಡಿಸಿದ ಗಂಟೆಗಳನ್ನು ಊರಿನಲ್ಲಿರುವ ತನ್ನ ತಾಯಿಯ ಹೆಸರಿಗೆ ದಾಟಿಸಬಹುದು. ಅದನ್ನು ಓದಿದಾಗ ಮೈ ಜುಮ್ಮೆಂದಿತು. ಡಲ್ಲಾಸ್‌ನಲ್ಲಿ ನನ್ನ ಮಗಳು ಯಾರದೋ ತಾಯಿಯನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದರೆ, ಆ ತಾಯಿಯ ಮಗ ಇಲ್ಲಿ ವುಡ್‌ಡೇಲ್‌ನಿಂದ ಬಂದು ನನ್ನ ಹೊಗೆ ಅಲಾರ್ಮಿನ ಬ್ಯಾಟರಿ ಬದಲಿಸಬಹುದಲ್ಲ? ಅಮೆರಿಕದ ಊರೂರಿಗೂ ಕನ್ನಡ ಕೂಟ ಮಾಡಿಕೊಂಡಿರುವ ನಮಗಿಂತ ಇದು ಇನ್ನಾರಿಗೆ ಸುಲಭ?

ಕೈಲಾಗದು ಅನ್ನಬೇಡಿ. 2002ರಲ್ಲಿ ಡೆಟ್ರಾಯಿಟ್‌ನಲ್ಲಿ, 2008ರಲ್ಲಿ ಶಿಕಾಗೊದಲ್ಲಿ ವಿಶ್ವ ಕನ್ನಡ ಸಮ್ಮೇಳನ ಮಾಡಿದವರು ನಾವು. ಪಂಪನ ಹೆಸರಿನ ಕೂಟ ಅಲ್ಲಿ, ವಿದ್ಯಾರಣ್ಯರ ಹೆಸರಿನ ಕೂಟ ಇಲ್ಲಿ. ಬೆಂಗಳೂರಿನಿಂದ ಬರುವ ಕಲಾವಿದರನ್ನು ಯಾವ ಟರ್ಮಿನಲ್ಲಿನಿಂದ, ಎಷ್ಟು ಗಂಟೆಗೆ, ಯಾರ ಮಿನಿವ್ಯಾನಿನಲ್ಲಿ ಕರೆತರಬೇಕು, ತಬಲಾದವರಿಗೆ ಯಾರ ಮನೆಯಲ್ಲಿ ಚಪಾತಿ, ಎಲ್ಲಕ್ಕೂ ಪಟ್ಟಿ ಮಾಡುವ ವಿದ್ಯೆ ನಮಗೆ ಕರತಲಾಮಲಕ. ಅದೇ ಪಟ್ಟಿಯಲ್ಲಿ ಕಲಾವಿದರ ಬದಲು ಆಂಟಿ, ಟರ್ಮಿನಲ್ಲಿನ ಬದಲು ಕ್ಲಿನಿಕ್ ಎಂದು ಬರೆಯಬೇಕು.

ಹಣಕಾಸು ಹೊರಗಿಡುತ್ತೇನೆ ಎಂದೆನಲ್ಲ. ಹಿರಿಯರ ಚೆಕ್‌ಬುಕ್, ಪಾಸ್‌ವರ್ಡ್, ಮನೆಯ ಉಯಿಲು ಇವುಗಳ ಹತ್ತಿರ ಸ್ವಯಂಸೇವಕರು ಸುಳಿಯಬಾರದು. ನಮ್ಮವರೇ ಅಲ್ಲವೇ ಎಂಬ ಮಾತು ನಡೆಯದು. ಮೋಸ ಮಾಡುವವರು ಮೊದಲು ನಮ್ಮವರಾಗಿಯೇ ಬರುತ್ತಾರೆ. ಬರುವವರ ಹಿನ್ನೆಲೆ ಪರಿಶೀಲನೆ ಆಗಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ಗಾಡಿ ಓಡಿಸುವವರು ತಮ್ಮ ವಿಮೆ ನೋಡಿಕೊಳ್ಳಿ: 1997ರ ಸ್ವಯಂಸೇವಕರ ರಕ್ಷಣಾ ಕಾಯಿದೆ ಬಹಳಷ್ಟು ಮೊಕದ್ದಮೆಗಳಿಂದ ಕಾಪಾಡುತ್ತದೆ, ಆದರೆ ವಾಹನ ಅಪಘಾತಕ್ಕೆ ಅದರ ರಕ್ಷಣೆಯಿಲ್ಲ. ಇದೆಲ್ಲ ಒಣ ಮಾತು, ಆದರೆ ಇವುಗಳನ್ನು ಮೊದಲೇ ಆಡದ ಗುಂಪುಗಳು ಮೊದಲ ಜಗಳಕ್ಕೇ ಒಡೆಯುತ್ತವೆ.

ಸರಕಾರ ಮಾಡಬೇಕಾದ ಕೆಲಸವನ್ನು ನಾವು ಬಿಟ್ಟಿಯಾಗಿ ಮಾಡಿಕೊಟ್ಟರೆ ಅವರು ಇನ್ನಷ್ಟು ಕೈತೊಳೆದುಕೊಳ್ಳುವುದಿಲ್ಲವೇ ಎಂದು ನನ್ನ ಮಗ ಕೇಳಿದ. ಆ ಭಯ ಸುಳ್ಳಲ್ಲ. ಸ್ನಾನ ಮಾಡಿಸುವವರ ಸಂಬಳವನ್ನು ನಿಮ್ಮ ಒಳ್ಳೆಯತನದಿಂದ ತುಂಬಿಸಬಾರದು, ಅದಕ್ಕೆ ಮತ ಹಾಕಬೇಕು. ಆದರೆ ‘ಅಮ್ಮಾ, ಎದ್ದಿರಾ?’ ಎಂದು ಬೆಳಿಗ್ಗೆ ಕೇಳುವ ಕೆಲಸವನ್ನು ಯಾವ ಸರಕಾರಕ್ಕೂ ವಹಿಸಲು ನನಗೆ ಇಷ್ಟವಿಲ್ಲ.

ಆ ಕೆಲಸವನ್ನು ನಾನು ಆಗಲೇ ಶುರುಮಾಡಿದ್ದೇನೆ. ಕಣ್ಣು ಸರಿಹೋದ ಮೇಲೆ, ಏಳು ಜನರ ಪಟ್ಟಿ ಇಟ್ಟುಕೊಂಡು ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಫೋನ್ ಮಾಡುತ್ತೇನೆ. ಇಟಾಸ್ಕಾದಲ್ಲಿ ಇಬ್ಬರು, ರೋಸೆಲ್, ಮೆಡಿನಾ, ಬ್ಲೂಮಿಂಗ್‌ಡೇಲ್ ಕಡೆ ನಾಲ್ವರು, ಮಿಷಿಗನ್ನಿನ ಟ್ರಾಯ್‌ನಲ್ಲಿ ಒಬ್ಬರು. ಎರಡು ಸಲ ಎತ್ತದಿದ್ದರೆ ಯಾರಿಗೆ ತಿಳಿಸಬೇಕೆಂದು ಪ್ರತಿಯೊಬ್ಬರ ಹೆಸರಿನ ಮುಂದೆ ಬರೆದುಕೊಂಡಿದ್ದೇನೆ. ಕಳೆದ ಚಳಿಗಾಲದಲ್ಲಿ ಒಮ್ಮೆ ಅದು ಬೇಕಾಯಿತು. ಮನೆಯ ಹೀಟರ್ ನಿಂತು ಎರಡು ದಿನವಾಗಿತ್ತು, ಅವರು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಮಲಗಿಬಿಟ್ಟಿದ್ದರು, ಮಗನಿಗೆ ತೊಂದರೆ ಯಾಕೆ ಅಂತ. ಏಳು ಜನಕ್ಕೆ ನಾನೊಬ್ಬಳು ಸಾಕು. ಹದಿನೈದಾದರೆ ಆಗದು. ಮತ್ತು ನನಗೂ 76 ಆಯಿತು, ನನಗೆ ಯಾರು ಫೋನ್ ಮಾಡುತ್ತಾರೆಂದು ಟ್ರಾಯ್‌ನವರು ಮೊನ್ನೆ ಕೇಳಿದರು.

ಹಾಗಾಗಿ ದೊಡ್ಡ ಸಮಿತಿ, ಲೋಗೋ, ಉದ್ಘಾಟನೆಗೆ ಮಂತ್ರಿಗಳು, ಇದೆಲ್ಲ ಸದ್ಯಕ್ಕೆ ಬೇಡ. ಒಂದು ಫೋನ್ ನಂಬರು, ಅದನ್ನು ಹಗಲಲ್ಲಿ ಎತ್ತಲು ಸಂಬಳ ಪಡೆಯುವ ಒಬ್ಬರು, ಹದಿನೈದು ದಿನಕ್ಕೆ ಎರಡು ಗಂಟೆ ಕೊಡುವ ಇಪ್ಪತ್ತು ಜನ. ಆ ಸಂಬಳಕ್ಕೆ ನಾವು ಹಿರಿಯರೇ ಮೊದಲು ದುಡ್ಡು ಹಾಕುತ್ತೇವೆ. ಬೇಕಾದರೆ ಆ ಮೂರು ಶಾಲುಗಳನ್ನೂ ಹರಾಜು ಹಾಕುತ್ತೇನೆ.

ಮುಂದಿನ ಮಂಗಳವಾರ ವುಡ್‌ಡೇಲ್‌ನ ಒಬ್ಬರಿಗೆ ಎಡಗಣ್ಣಿನ ಶಸ್ತ್ರಚಿಕಿತ್ಸೆ. ವಯಸ್ಸು 81, ಊರು ಗದಗ ಕಡೆ. ಬೆಳಿಗ್ಗೆ ಎಂಟೂವರೆಗೆ ಮನೆಯಿಂದ ಹೊರಡಬೇಕು, ಒಂದೂವರೆಯೊಳಗೆ ವಾಪಸ್ಸು. ಮುಂಬಾಗಿಲ ಬೆಲ್ ಕೆಟ್ಟಿದೆ, ಗರಾಜಿನ ಕಡೆ ಬಂದು ಜೋರಾಗಿ ಕೂಗಬೇಕು. ದಾರಿಯುದ್ದಕ್ಕೂ ಮಾತಾಡುತ್ತಾರೆ, ಹೂಂ ಅಂದರೆ ಸಾಕು. ರೊಟ್ಟಿ ಕಟ್ಟಿಕೊಡುತ್ತಾರೆ, ಬೇಡ ಅನ್ನಬೇಡಿ. ಗಾಡಿ ಇರುವವರು ಒಬ್ಬರು ಬೇಕು.

ಇಟಾಸ್ಕಾದ ನಿಮ್ಮ ಆಂಟಿ